ಒಲೊಹೆಂಗ ಎಂಬ ಗಡಿಯ ಊರು

ಸಮಾಜ ಪಾಠದಲ್ಲಿ ಗಡಿ ಎಂದರೆ ನಾವು ಬೆಟ್ಟ, ಹೊಳೆ, ರಸ್ತೆ ಬದಿಯ ಕಲ್ಲು ತೋರಿಸುತ್ತೇವೆ. ಸಮುದ್ರದ ನೀರಿನ ಮೇಲೂ ಗೆರೆ ಎಳೆದು ನೆರೆಯೂರುಗಳನ್ನು ಬೇರೆ ಮಾಡಿದ್ದುಂಟು. ಪಾಲಿನೇಷ್ಯಾದ ಒಲೊಹೆಂಗದ ಕತೆ ಅಂಥದ್ದು.

ಭೂಪಟದಲ್ಲಿ ಇದರ ಹೆಸರು ಸ್ವೇನ್ಸ್ ದ್ವೀಪ. ನಡುವೆ ಕೊಳ, ಸುತ್ತ ತೆಂಗು, ಪಶ್ಚಿಮ ದಡದಲ್ಲಿ ಟೌಲಂಗಾ ಎಂಬ ಪುಟ್ಟ ಹಳ್ಳಿ. ಉತ್ತರಕ್ಕೆ ಸುಮಾರು 180 ಕಿ.ಮೀ. ದೂರದಲ್ಲಿ ಫಕಾಒಫೊ, ಅದರಾಚೆ ನುಕುನೊನು, ಅಟಾಫು. ಈ ಮೂರು ಹವಳ ದ್ವೀಪಗಳೇ ಟೊಕೆಲಾವ್. ಅಲ್ಲಿನ ಜನ ಒಲೊಹೆಂಗವನ್ನು ತಮ್ಮ ನಾಲ್ಕನೆಯ ದ್ವೀಪವೆಂದೇ ಎಣಿಸುತ್ತಿದ್ದರು. ಮಾತೂ ಒಂದೇ, ಟೊಕೆಲಾವ್ ಭಾಷೆ.

1856ರಲ್ಲಿ ಈಲೈ ಜೆನ್ನಿಂಗ್ಸ್ ಎಂಬ ಅಮೆರಿಕನ್ ತನ್ನ ಸಮೋವಾದ ಹೆಂಡತಿಯೊಡನೆ ಒಲೊಹೆಂಗಕ್ಕೆ ಬಂದು ನೆಲೆಸಿದ. ತೆಂಗಿನ ತೋಟ ಮಾಡಿ ಕೊಬ್ಬರಿ ವ್ಯಾಪಾರ ನಡೆಸಿದ. 1863ರಲ್ಲಿ ಪೆರು ದೇಶದ ಗುಲಾಮರ ಹಡಗುಗಳು ಟೊಕೆಲಾವಿನಿಂದ ಸುಮಾರು 250 ಜನರನ್ನು ಹೊತ್ತೊಯ್ದವು. ಅದು ಅಲ್ಲಿನ ಜನಸಂಖ್ಯೆಯ ಅರ್ಧದಷ್ಟು! ಅಳಿದುಳಿದ ಊರುಗಳಿಗೆ ನಾಲ್ಕನೆಯ ದ್ವೀಪವನ್ನು ಕೇಳುವ ಬಲ ಎಲ್ಲಿಂದ ಬರಬೇಕು?

1889ರಲ್ಲಿ ಟೊಕೆಲಾವ್ ಬ್ರಿಟಿಷರ ರಕ್ಷಣೆಗೆ ಬಂತು. ಒಲೊಹೆಂಗ ಜೆನ್ನಿಂಗ್ಸ್ ಮನೆತನದ ಕೈಯಲ್ಲೇ ಉಳಿಯಿತು. ಮುಂದೆ ಆ ಮನೆತನದಲ್ಲಿ ವಾರಸುದಾರಿಕೆಯ ಪ್ರಶ್ನೆ ಎದ್ದಾಗ, 1925ರಲ್ಲಿ ಅಮೆರಿಕ ಇದನ್ನು ಅಮೆರಿಕನ್ ಸಮೋವಾಕ್ಕೆ ಸೇರಿಸಿಕೊಂಡಿತು. ಟೊಕೆಲಾವ್ ನ್ಯೂಜಿಲೆಂಡಿನ ಆಡಳಿತಕ್ಕೆ ಹೋಯಿತು. 1980ರಲ್ಲಿ ಅಟಾಫುವಿನಲ್ಲಿ ಒಪ್ಪಂದವಾಯಿತು. ಮೂರು ದ್ವೀಪಗಳ ಮೇಲಿನ ಹಕ್ಕನ್ನು ಅಮೆರಿಕ ಬಿಟ್ಟಿತು. ನಾಲ್ಕನೆಯದು ಅಮೆರಿಕದ್ದೆಂದು ಒಪ್ಪಬೇಕಾಯಿತು. ಒಪ್ಪಂದದ ಹೆಸರು ನೋಡಿ: ಟೊಕೆಹೆಂಗ. ಟೊಕೆಲಾವ್, ಒಲೊಹೆಂಗ ಎರಡೂ ಕೂಡಿದ ಹೆಸರು. ಬೇರೆ ಮಾಡಿದ ಕಾಗದದ ಮೇಲೆಯೇ ಅವು ಒಂದಾಗಿ ಕೂತಿವೆ.

ಭಾಷೆಯ ಪಾಡೂ ಕೇಳುವಂಥದ್ದು. ಟೊಕೆಲಾವಿನ ಚರ್ಚು, ಶಾಲೆಗಳಲ್ಲಿ ಬಹುಕಾಲ ನಡೆದದ್ದು ಸಮೋವಾದ ಭಾಷೆ. ಟೊಕೆಲಾವ್ ನುಡಿಯ ದೊಡ್ಡ ನಿಘಂಟು ಅಚ್ಚಾದದ್ದು 1986ರಲ್ಲಿ. ಇಂದು ಟೊಕೆಲಾವ್ ಮೂಲದವರು ದ್ವೀಪಗಳಿಗಿಂತ ನ್ಯೂಜಿಲೆಂಡಿನಲ್ಲೇ ಹೆಚ್ಚು. 2016ರ 'ಮೋನಾ' ಚಿತ್ರದ ಒಂದು ಹಾಡಿನಲ್ಲಿ ಅವರ ನುಡಿಯನ್ನು ಲೋಕವೆಲ್ಲ ಕೇಳಿತು.

ಒಲೊಹೆಂಗದಲ್ಲಿ 2010ರ ಜನಗಣತಿಗೆ ಸಿಕ್ಕವರು 17 ಜನ. 2020ರ ಗಣತಿಯಲ್ಲಿ ಒಬ್ಬರೂ ಇಲ್ಲ. ಆದರೂ ಟೊಕೆಲಾವ್ ಜನ 2006ರಲ್ಲಿ ಬರೆದುಕೊಂಡ ಸಂವಿಧಾನದ ಕರಡಿನ ಪೀಠಿಕೆಯಲ್ಲಿ ತಮ್ಮ ತಾಯ್ನೆಲವೆಂದು ನಾಲ್ಕೂ ದ್ವೀಪಗಳನ್ನು ಹೆಸರಿಸಿದರು.

ಮಕ್ಕಳಿಗೆ ಶಾಂತ ಸಾಗರದ ಭೂಪಟ ತೋರಿಸುವಾಗ ಸ್ವೇನ್ಸ್ ಎಂದು ಓದಿಸೋಣ, ಪರೀಕ್ಷೆಗೆ ಅದು ಬೇಕು. ಒಮ್ಮೆ ಒಲೊಹೆಂಗ ಎಂದೂ ಹೇಳಿಸೋಣ.