ಪ್ರಾಧ್ಯಾಪಕರ ಮನೆಯಿಂದ ಹೊರಟ ದನಿ

ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ರೇಡಿಯೊ ಹಚ್ಚಿದವರಿಗೆ 'ಆಕಾಶವಾಣಿ' ಎಂಬುದು ತಲೆಮಾರುಗಳಿಂದ ಪರಿಚಿತವಾದ ಮಾತು. ಮಳೆ ಸುದ್ದಿ, ಹತ್ತಿ ಬೆಳೆಗಾರರಿಗೆ ಸಲಹೆ, ದಾಸರ ಪದ ಎಲ್ಲವೂ ಆ ಹೆಸರಿನ ಬೆನ್ನಿಗೇ ಬಂದಿವೆ. ಆದರೆ ಇಡೀ ದೇಶದ ಸರ್ಕಾರಿ ಬಾನುಲಿ ಹೊತ್ತಿರುವ ಈ ಹೆಸರು ದೆಹಲಿಯ ಕಡತದಲ್ಲಿ ಮೊದಲು ಮೂಡಿದ್ದಲ್ಲ. ಅದಕ್ಕೂ ಮುನ್ನ ಮೈಸೂರಿನ ಒಬ್ಬ ಮೇಷ್ಟರು ತಮ್ಮ ಮನೆಯಲ್ಲೇ ನಡೆಸುತ್ತಿದ್ದ ಪುಟ್ಟ ಖಾಸಗಿ ಕೇಂದ್ರಕ್ಕೆ ಅದು ಹೆಸರಾಗಿತ್ತು.

ಆ ಮೇಷ್ಟರು ಡಾ. ಎಂ.ವಿ. ಗೋಪಾಲಸ್ವಾಮಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1935ರ ಸೆಪ್ಟೆಂಬರ್ 10ರಂದು ಅವರು 'ವಿಠ್ಠಲ ವಿಹಾರ' ಎಂಬ ತಮ್ಮ ನಿವಾಸದಿಂದ ಪ್ರಸಾರ ಆರಂಭಿಸಿದರು. ಆರಂಭದ ಯಂತ್ರದ ಶಕ್ತಿ ಬರೀ 30 ವಾಟ್. ಮನೆಯ ಸೀಲಿಂಗ್ ಫ್ಯಾನು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ವಿದ್ಯುತ್ತು ಕೇಳುತ್ತದೆ! ಮೊದಲ ದಿನವೇ ಕುವೆಂಪು ಅವರ ಕವನ ವಾಚನ ನಡೆಯಿತೆಂದು ಹೇಳಲಾಗುತ್ತದೆ. ಕೇಂದ್ರದ ಹೆಸರಿನೊಂದಿಗೆ ಸಾಹಿತಿ ನಾ. ಕಸ್ತೂರಿ ಅವರ ನೆನಪೂ ಸೇರಿಕೊಂಡಿದೆ.

ಇದು ಎಂಥ ಕಾಲ ಎಂಬುದನ್ನು ಗಮನಿಸಬೇಕು. 1927ರಲ್ಲಿ ಮುಂಬಯಿಯಲ್ಲಿ ಪ್ರಸಾರ ತೊಡಗಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿ ಮೂರೇ ವರ್ಷಗಳಲ್ಲಿ ದಿವಾಳಿಯಾಗಿ, ಅದರ ಕೆಲಸ ಸರ್ಕಾರದ ಪಾಲಾಗಿತ್ತು. 'ಆಲ್ ಇಂಡಿಯಾ ರೇಡಿಯೊ' ಎಂಬ ಹೆಸರು ಬಂದದ್ದು 1936ರಲ್ಲಿ, ಅಂದರೆ ಮೈಸೂರಿನ ಕೇಂದ್ರ ಆರಂಭವಾದ ಮರುವರ್ಷ. ಮೈಸೂರು ದೇಶೀ ಸಂಸ್ಥಾನವಾಗಿದ್ದುದರಿಂದ ದೆಹಲಿಯ ಪ್ರಸಾರ ಇಲಾಖೆಯ ಆಡಳಿತ ಅಲ್ಲಿಗೆ ನೇರವಾಗಿ ಚಾಚಿರಲಿಲ್ಲ. ಗೋಪಾಲಸ್ವಾಮಿಯವರಿಗೆ ಅದೇ ಅವಕಾಶವಾಯಿತು.

ಇಂದಿನ ರಾಯಚೂರು ಜಿಲ್ಲೆಯ ಸ್ಥಿತಿ ಬೇರೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನಾಡು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದಿನಲ್ಲಿ ನಿಜಾಮ್ ಸರ್ಕಾರದ ಡೆಕ್ಕನ್ ರೇಡಿಯೊ ಇತ್ತು. ಅದು ದೊರೆತನದ ದನಿ. ಹೀಗೆ ಒಂದೇ ದಶಕದಲ್ಲಿ ಕನ್ನಡಿಗರು ಎರಡು ಬಗೆಯ ಬಾನುಲಿಯನ್ನು ಕಂಡರು. ಒಂದು ಪ್ರಭುತ್ವ ಪ್ರಜೆಗಳಿಗೆ ಕೇಳಿಸಿದ್ದು, ಇನ್ನೊಂದು ಒಬ್ಬ ಪ್ರಜೆ ತನ್ನ ಊರಿಗೆ ಕೇಳಿಸಿದ್ದು.

ಎರಡನೆಯದು ಎಷ್ಟು ಕಾಲ ಬಾಳಿತು? ಗೋಪಾಲಸ್ವಾಮಿಯವರು ಸುಮಾರು ಆರು ವರ್ಷ ಅದನ್ನು ನಡೆಸಿದರು. ಯಂತ್ರವನ್ನು ಒಮ್ಮೆ ಕೊಂಡರೆ ಮುಗಿಯಿತು. ಕಾರ್ಯಕ್ರಮವನ್ನು ದಿನವೂ ಹೊಸದಾಗಿ ಒದಗಿಸಬೇಕು. ಈ ಭಾರ ಒಬ್ಬ ವ್ಯಕ್ತಿಯ ಉತ್ಸಾಹ, ಕಿಸೆಗಳ ಮೇಲೆ ಬಹುಕಾಲ ನಿಲ್ಲುವಂಥದಲ್ಲ. 1940ರ ದಶಕದ ಆರಂಭದಲ್ಲಿ ಕೇಂದ್ರ ಸಂಸ್ಥಾನದ ಆಡಳಿತಕ್ಕೆ ಸೇರಿತು. 1950ರ ಏಪ್ರಿಲ್ 1ರಂದು ಮೈಸೂರಿನ ಕೇಂದ್ರವೂ ಡೆಕ್ಕನ್ ರೇಡಿಯೊವೂ ಆಲ್ ಇಂಡಿಯಾ ರೇಡಿಯೊದಲ್ಲಿ ವಿಲೀನವಾದವು. 1955ರಲ್ಲಿ ಬೆಂಗಳೂರು ಕೇಂದ್ರ ಆರಂಭವಾದಾಗ ಮೈಸೂರಿನ ಪ್ರಸಾರ ಅಲ್ಲಿಗೆ ಹೋಯಿತು. ಬಾನುಲಿಗೆ ಹೆಸರು ಕೊಟ್ಟ ಊರಿಗೆ ಮತ್ತೆ ಕೇಂದ್ರ ಬಂದದ್ದು 1974ರಲ್ಲಿ. ಆ ನಡುವೆ, 1950ರ ದಶಕದ ಉತ್ತರಾರ್ಧದಲ್ಲಿ, 'ಆಕಾಶವಾಣಿ' ಇಡೀ ರಾಷ್ಟ್ರದ ಬಾನುಲಿಗೆ ಹೆಸರಾಯಿತು. 2023ರಲ್ಲಿ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಎಲ್ಲೆಡೆ ಇದನ್ನೇ ಬಳಸಬೇಕೆಂಬ ಆದೇಶವೂ ಹೊರಟಿತು. ಹೆಸರು ಉಳಿಯಿತು, ಸ್ವಂತ ದನಿ ಉಳಿಯಲಿಲ್ಲ.

ಸ್ವಾತಂತ್ರ್ಯಾನಂತರ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬಾನುಲಿ ಸರ್ಕಾರದ ಏಕಸ್ವಾಮ್ಯವಾಗಿತ್ತು. 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಕ್ರಿಕೆಟ್ ಪಂದ್ಯದ ಪ್ರಸಾರಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪಿತ್ತಿತು. ಆದರೂ ಸಾರ್ವಜನಿಕರ ಕೈಗೆ ಮೈಕು ಸುಲಭವಾಗಿ ಬರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಇದಕ್ಕೆ ಉತ್ತಮ ನಿದರ್ಶನ. ಮೈರಾಡ, ವಾಯ್ಸಸ್ ಸಂಸ್ಥೆಗಳ ಹಾಗೂ ಯುನೆಸ್ಕೊ ನೆರವಿನಿಂದ ಹಳ್ಳಿಗರು, ವಿಶೇಷವಾಗಿ ಸ್ವಸಹಾಯ ಗುಂಪಿನ ಹೆಂಗಸರು, ತಮ್ಮದೇ ಕಾರ್ಯಕ್ರಮ ತಯಾರಿಸಿದರು. ಗಾಳಿಯಲ್ಲಿ ಪ್ರಸಾರ ಮಾಡಲು ಪರವಾನಗಿ ಇರಲಿಲ್ಲ. ಆದ್ದರಿಂದ ಮೊದಲು ಧ್ವನಿವರ್ಧಕ, ಅನಂತರ ಕೇಬಲ್ ತಂತಿ ಆಶ್ರಯಿಸಿ ಮನೆಮನೆಗೆ ದನಿ ಮುಟ್ಟಿಸಿದರು. ಸಮುದಾಯ ರೇಡಿಯೊ ಪರವಾನಗಿ 2002ರಲ್ಲಿ ವಿದ್ಯಾಸಂಸ್ಥೆಗಳಿಗಷ್ಟೇ ದೊರೆಯಿತು; ಸ್ವಯಂಸೇವಾ ಸಂಸ್ಥೆಗಳಿಗೆ ಆ ಬಾಗಿಲು ತೆರೆದದ್ದು 2006ರ ಕೊನೆಯಲ್ಲಿ. ಬೀದರ್ ಗಡಿಯಾಚೆ, ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ ದಲಿತ ಮಹಿಳೆಯರ 'ಸಂಗಮ್ ರೇಡಿಯೊ' 2008ರಲ್ಲಿ ಮೊದಲಾಯಿತು.

ಪರವಾನಗಿ ದೊರೆತರೂ ಗೆರೆಗಳು ಹಲವು. ಸಾಮಾನ್ಯವಾಗಿ ಇಂಥ ಕೇಂದ್ರದ ಪ್ರಸಾರ ಶಕ್ತಿ 100 ವಾಟ್ ಮೀರುವಂತಿಲ್ಲ. ದನಿ ಹತ್ತು-ಹನ್ನೆರಡು ಕಿಲೋಮೀಟರಿನಾಚೆ ಕ್ಷೀಣವಾಗುತ್ತದೆ. ರಾಯಚೂರು ನಗರದಲ್ಲಿ ಇಂಥದೊಂದು ಕೇಂದ್ರ ಇದ್ದರೆ ಅದರ ಮಾತು ಮಾನ್ವಿಗೂ ಮುಟ್ಟದು, ದೇವದುರ್ಗಕ್ಕೂ ಮುಟ್ಟದು. ಸುದ್ದಿಯ ವಿಷಯದಲ್ಲೂ ಆಕಾಶವಾಣಿಯ ವಾರ್ತೆಯನ್ನು ಹಾಗೆಯೇ ಮರುಪ್ರಸಾರ ಮಾಡಬಹುದೇ ಹೊರತು, ಊರಿನ ರಾಜಕೀಯ ಸುದ್ದಿಯನ್ನು ತಾನೇ ಹೆಕ್ಕಿ ಹೇಳುವಂತಿಲ್ಲ.

ಅಂತರ್ಜಾಲ ರೇಡಿಯೊ ಈ ದೂರದ ಗೆರೆಯನ್ನು ಅಳಿಸಿಹಾಕಿದೆ. ಅದಕ್ಕೆ ಗೋಪುರ ಬೇಡ, ತರಂಗಾಂತರದ ಹಂಚಿಕೆಯೂ ಬೇಡ. ಒಂದು ಕೋಣೆ, ಮೈಕು, ಕಂಪ್ಯೂಟರು, ಸಂಪರ್ಕ ಇದ್ದರೆ ಮಾನ್ವಿಯಲ್ಲಿ ಹಾಡಿದ ಜಗನ್ನಾಥದಾಸರ ಪದವನ್ನು ಬೆಂಗಳೂರಿಗೆ ಗುಳೆ ಹೋದ ದೇವದುರ್ಗದ ಕೂಲಿಕಾರನೂ ಮೊಬೈಲಿನಲ್ಲಿ ಕೇಳಬಹುದು. ವಿಠ್ಠಲ ವಿಹಾರದ ಒಂದು ಕೋಣೆಯ ಸಾಹಸ ಇಂದು ಯಾವ ಊರಿಗೂ ಅಸಾಧ್ಯವಲ್ಲ.

ಆದರೆ ಮೈಸೂರಿನ ಕತೆ ಕಲಿಸುವ ಪಾಠ ಯಂತ್ರದ್ದಲ್ಲ. 30 ವಾಟಿನಲ್ಲೂ ಒಂದು ಊರು ಮಾತಾಡಿತು. ಅದನ್ನು ನಡೆಸುವ ಹೊಣೆಯನ್ನು ಊರೇ ಹಂಚಿಕೊಳ್ಳದಿದ್ದಾಗ ಹೊಣೆಯೂ ಮಾತೂ ಸರ್ಕಾರದ ಕೈ ಸೇರಿದವು. ಬೂದಿಕೋಟೆಯಲ್ಲಿ ಪರವಾನಗಿ ಇಲ್ಲದೆಯೂ ಕಾರ್ಯಕ್ರಮ ನಡೆದದ್ದು ಊರಿನವರೇ ಮೈಕಿನ ಮುಂದೆ ಕೂತದ್ದರಿಂದ. ಸಣ್ಣ ಕೇಂದ್ರದ ಆಯುಸ್ಸು ಅದರ ಯಂತ್ರದ ಬಲದಲ್ಲಿಲ್ಲ. ಇದು ತಮ್ಮದೆಂದು ನಾಳೆಯೂ ಬಂದು ಕೂರುವ ಜನರಲ್ಲಿದೆ.