ನ್ಯಾಯಾಧೀಶ ಹಾರ್ಲನ್ ಮತ್ತು ಮೂರು ಮೊಕದ್ದಮೆಗಳು

ಅಲ್ಪಸಂಖ್ಯಾತರಿಗೆ ಒದಗುವ ಅನ್ಯಾಯವನ್ನು ಒಂದೇ ವಸ್ತುವೆಂದು ಭಾವಿಸಿ, ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂದು ಅಳೆಯುವ ಪದ್ಧತಿಯುಂಟು. ಇತಿಹಾಸದ ವಿದ್ಯಾರ್ಥಿಗೆ ಈ ಅಳತೆ ಸಾಲದೆಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದ ಮೂರು ತೀರ್ಪುಗಳಿಂದ ತೋರಿಸಬಯಸುತ್ತೇವೆ. ಮೂರರಲ್ಲಿಯೂ ಜಾನ್ ಮಾರ್ಷಲ್ ಹಾರ್ಲನ್ ಎಂಬ ನ್ಯಾಯಾಧೀಶನು ಬಹುಮತವನ್ನು ಒಪ್ಪದೆ ನಿಂತನು.

ಮೊದಲನೆಯದು 1884ರದು. ಜಾನ್ ಎಲ್ಕ್ ಎಂಬ ಮೂಲನಿವಾಸಿಯು ಬುಡಕಟ್ಟನ್ನು ತೊರೆದು ಒಮಾಹಾ ನಗರದಲ್ಲಿ ನೆಲೆಸಿ, ಮತದಾರನಾಗಲು ಹೋದಾಗ ಅಧಿಕಾರಿಯು ನಿರಾಕರಿಸಿದನು. ಬುಡಕಟ್ಟಿನಲ್ಲಿ ಜನಿಸಿದವನು ಆ ನೆಲದಲ್ಲಿಯೇ ಹುಟ್ಟಿದ್ದರೂ ಜನ್ಮತಃ ಪೌರನಲ್ಲವೆಂದು ನ್ಯಾಯಾಲಯವು ತೀರ್ಮಾನಿಸಿತು. ಹಾರ್ಲನ್ ಎಲ್ಕನ ಪಕ್ಷವನ್ನು ವಹಿಸಿದನು. ಮುಂದೆ 1887ರ ಡಾಸ್ ಶಾಸನವು ಬುಡಕಟ್ಟುಗಳ ಸಾಮುದಾಯಿಕ ಭೂಮಿಯನ್ನು ಹೋಳುಮಾಡಿ, ಹಿಡುವಳಿ ಪಡೆದವರಿಗೆ ಪೌರತ್ವವನ್ನಿತ್ತಿತು. ಹೆಚ್ಚುವರಿಯೆಂದು ಎಣಿಸಿದ ಭೂಮಿಯು ಬಿಳಿಯ ಬೇಸಾಯಗಾರರ ಪಾಲಾಯಿತು. ಇಲ್ಲಿ ಪೌರತ್ವದ ಬೆನ್ನಿಗೇ ಭೂನಷ್ಟವೂ ಬಂದುದನ್ನು ಗಮನಿಸಬೇಕು.

ಎರಡನೆಯದು ಬಹು ಪ್ರಸಿದ್ಧವಾದುದು. ಲೂಯಿಸಿಯಾನದ 1890ರ ಶಾಸನವು ರೈಲಿನಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಡಬ್ಬಿಗಳನ್ನು ವಿಧಿಸಿತ್ತು. 1896ರಲ್ಲಿ ಹೋಮರ್ ಪ್ಲೆಸ್ಸಿಯ ಮೊಕದ್ದಮೆಯಲ್ಲಿ ಏಳು ಮಂದಿ ನ್ಯಾಯಾಧೀಶರು ಅದನ್ನು ಎತ್ತಿಹಿಡಿದರು. ಹಾರ್ಲನ್ ಒಬ್ಬನೇ ವಿರೋಧಿಸಿದನು. ರಾಜ್ಯಾಂಗವು ಬಣ್ಣವನ್ನು ಕಾಣಬಾರದೆಂಬ ಅವನ ವಾದವನ್ನು ಎಲ್ಲರೂ ಉದಾಹರಿಸುತ್ತಾರೆ, ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದೇ ತೀರ್ಪಿನಲ್ಲಿ ಅವನು ಚೀನೀಯರ ಮಾತನ್ನೆತ್ತುತ್ತಾನೆ. ಪೌರರಾಗಲು ಅವಕಾಶವೇ ಇಲ್ಲದಷ್ಟು ಭಿನ್ನವಾದ ಆ ಜನಾಂಗದವನು ಬಿಳಿಯರೊಡನೆ ಕುಳಿತುಕೊಳ್ಳಬಹುದಂತೆ. ಒಕ್ಕೂಟದ ಉಳಿವಿಗಾಗಿ ಪ್ರಾಣವನ್ನೊಡ್ಡಿರಬಹುದಾದ ಕರಿಯ ಪೌರನು ಕುಳಿತುಕೊಳ್ಳಬಾರದಂತೆ! ಒಬ್ಬರ ಅವಮಾನವನ್ನು ಎತ್ತಿತೋರಿಸಲು ಇನ್ನೊಬ್ಬರ ಬಹಿಷ್ಕಾರವನ್ನು ಸಹಜವೆಂದು ಗ್ರಹಿಸಿದ ಈ ವಾಕ್ಯಗಳು, ನಮ್ಮ ದೃಷ್ಟಿಯಲ್ಲಿ, ಪ್ರಸಿದ್ಧವಾದ ಆ ವಾದಕ್ಕಿಂತಲೂ ಹೆಚ್ಚು ಬೋಧಪ್ರದವಾಗಿವೆ. ಕರಿಯನ ಪೌರತ್ವವು ಶಾಸನದಲ್ಲಿತ್ತು, ಡಬ್ಬಿಯಲ್ಲಿರಲಿಲ್ಲ. ಹಾರ್ಲನ್ನನ ಮಾತನ್ನು ನಂಬುವುದಾದರೆ ಚೀನೀಯನ ಸ್ಥಿತಿ ಇದಕ್ಕೆ ತೀರ ವಿಪರೀತವಾಗಿತ್ತು.

ಮೂರನೆಯದು 1898ರದು. ವಾಂಗ್ ಕಿಮ್ ಆರ್ಕ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವನು. 1895ರಲ್ಲಿ ಚೀನಾದಿಂದ ಹಿಂದಿರುಗಿದಾಗ, ಚೀನೀಯರ ಪ್ರವೇಶವನ್ನು 1882ರಿಂದ ನಿಷೇಧಿಸಿದ್ದ ಶಾಸನಗಳ ಬಲದಿಂದ ಅಧಿಕಾರಿಗಳು ಅವನನ್ನು ತಡೆದರು. ಅವನು ಜನ್ಮತಃ ಪೌರನೆಂದು ಆರು ಮಂದಿ ನ್ಯಾಯಾಧೀಶರು ನಿರ್ಣಯಿಸಿದರು. ಒಪ್ಪದ ಇಬ್ಬರಲ್ಲಿ ಹಾರ್ಲನ್ ಒಬ್ಬ.

ಇದನ್ನು ಬರಿಯ ಕಪಟವೆಂದು ತಳ್ಳಿಬಿಡುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಅಂತರ್ಯುದ್ಧದ ತರುವಾಯ ಕರಿಯರು ಅವನ ಲೆಕ್ಕದಲ್ಲಿ ಮನೆಯವರಾಗಿದ್ದರು. ಮನೆಯವರಿಗೆ ಆಗುವ ಅಪಚಾರ ಅವನ ಕಣ್ಣಿಗೆ ಕಾಣುತ್ತಿತ್ತು. ಬಾಗಿಲಲ್ಲಿಯೇ ತಡೆಯಲ್ಪಟ್ಟವರಿಗೆ ಆಗುವುದು ಅನ್ಯಾಯವೆಂದು ಅವನಿಗೆ ತೋರಲೇ ಇಲ್ಲ.

1924ರ ಮೇ ತಿಂಗಳಲ್ಲಿ ಹೊಸ ವಲಸೆಯ ಶಾಸನವು ಏಷ್ಯದ ಬಹುತೇಕ ಜನರಿಗೆ ಅಮೆರಿಕದ ಬಾಗಿಲನ್ನು ಮುಚ್ಚಿತು. ಜೂನ್ ತಿಂಗಳಲ್ಲಿ ಇನ್ನೊಂದು ಶಾಸನವು ಆ ದೇಶದಲ್ಲಿ ಹುಟ್ಟಿದ ಮೂಲನಿವಾಸಿಗಳೆಲ್ಲರನ್ನೂ ಪೌರರೆಂದು ಸಾರಿತು. ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯರ ಪ್ರತ್ಯೇಕ ಡಬ್ಬಿಗಳು ಆಗಲೂ ಓಡುತ್ತಿದ್ದವು.