ಉರಕಾಮಿಯ ಇಗರ್ಜಿ ಮತ್ತು ಉತ್ತರ ಸಿಗದ ಪ್ರಾರ್ಥನೆ

ಆಗಸ್ಟ್ ತಿಂಗಳು ಬಂದಾಗ ನಾವು ಹಿರೋಷಿಮಾ, ನಾಗಸಾಕಿ ಎಂಬ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ನಾಗಸಾಕಿಯಲ್ಲಿ ಬಾಂಬು ಬಿದ್ದದ್ದು ಯಾರ ಮೇಲೆ ಎಂದು ಕೇಳುವವರು ಕಡಿಮೆ. 1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಅದು ಸಿಡಿದದ್ದು ನಗರದ ಉತ್ತರದ ಉರಕಾಮಿ ಕಣಿವೆಯ ಮೇಲೆ. ಅಲ್ಲಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ಇಗರ್ಜಿಯೊಂದಿತ್ತು. ಮೇರಿ ಮಾತೆಯ ಆಗಸ್ಟ್ 15ರ ಹಬ್ಬಕ್ಕೆ ಸಿದ್ಧರಾಗಲು ಜನ ಪಾಪನಿವೇದನೆಗೆ ಬಂದಿದ್ದರು. ಒಳಗೆ ಇಬ್ಬರು ಪಾದ್ರಿಗಳಿದ್ದರು. ಯಾರೂ ಉಳಿಯಲಿಲ್ಲ. ಉರಕಾಮಿಯ ಸುಮಾರು 12 ಸಾವಿರ ಕಥೋಲಿಕರಲ್ಲಿ 8,500ರಷ್ಟು ಮಂದಿ ಸತ್ತರು.

ಪ್ರಾರ್ಥಿಸುತ್ತಿದ್ದವರ ಮೇಲೆಯೇ ಹೀಗಾಯಿತಲ್ಲ ಎಂಬ ಪ್ರಶ್ನೆ ಉರಕಾಮಿಯವರಿಗೆ ಹೊಸತಾಗಿರಲಿಲ್ಲ. ಅವರ ಹಿರಿಯರು ಅದನ್ನು ಮುನ್ನೂರು ವರ್ಷಗಳಿಂದ ಕೇಳುತ್ತಲೇ ಬಂದಿದ್ದರು.

ಗೋವಾದಿಂದ ಹೊರಟ ಫ್ರಾನ್ಸಿಸ್ ಝೇವಿಯರ್ ಜಪಾನಿನ ನೆಲ ತುಳಿದದ್ದು 1549ರಲ್ಲಿ. ಅರ್ಧ ಶತಮಾನ ಕಳೆಯುವುದರೊಳಗೆ ಆಳುವವರ ಮನಸ್ಸು ಬದಲಾಯಿತು. 1597ರಲ್ಲಿ ನಾಗಸಾಕಿಯ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಿದರು. ಅವರಲ್ಲಿ ಒಬ್ಬ, ಗೊನ್ಸಾಲೊ ಗಾರ್ಸಿಯಾ, ನಮ್ಮ ಪಶ್ಚಿಮ ಕರಾವಳಿಯ ವಸಾಯಿಯಲ್ಲಿ ಹುಟ್ಟಿದವನು. 1614ರಲ್ಲಿ ಕ್ರೈಸ್ತ ಧರ್ಮಕ್ಕೆ ದೇಶದಾದ್ಯಂತ ನಿಷೇಧ ಬಿತ್ತು. 1633ರಲ್ಲಿ ಕ್ರಿಸ್ಟೊವಾವ್ ಫೆರೇರಾ ಎಂಬ ಹಿರಿಯ ಜೆಸ್ವಿಟ್ ಪಾದ್ರಿ ಗುಂಡಿಯೊಳಗೆ ತಲೆಕೆಳಗಾಗಿ ತೂಗುವ ಹಿಂಸೆ ತಾಳದೆ ಧರ್ಮ ತ್ಯಜಿಸಿದ. ಶೂಸಾಕು ಎಂಡೋ 1966ರಲ್ಲಿ ಬರೆದ ‘ಮೌನ’ ಕಾದಂಬರಿಗೆ ಈ ಘಟನೆಯೇ ಹಿನ್ನೆಲೆ. ಆ ಹೆಸರು ಸೂಚಿಸುವುದು ದೇವರ ಮೌನವನ್ನು.

ಪಾದ್ರಿಗಳಿಲ್ಲ, ಇಗರ್ಜಿಯಿಲ್ಲ, ಗ್ರಂಥವಿಲ್ಲ. ಆದರೂ ಉರಕಾಮಿಯ ರೈತರು ಗುಟ್ಟಾಗಿ ಪ್ರಾರ್ಥನೆ ಮಾಡುತ್ತಲೇ ಇದ್ದರು. ಅಧಿಕಾರಿಗಳೆದುರು ಏಸುವಿನ, ಮೇರಿಯ ಚಿತ್ರವನ್ನು ಕಾಲಿನಿಂದ ತುಳಿದು ತೋರಿಸಬೇಕಿತ್ತು. ತುಳಿದು ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಇದನ್ನು ಹೇಡಿತನವೆನ್ನಲು ನಮಗೆ ಬಾಯಿ ಬರುವುದಿಲ್ಲ. ಏಳು ತಲೆಮಾರು ಕಳೆದ ಮೇಲೆ ಪಾದ್ರಿಗಳು ಮರಳಿ ಬರುತ್ತಾರೆಂಬ ಮಾತು ಅವರಲ್ಲಿ ಬಾಯಿಂದ ಬಾಯಿಗೆ ಬಂದಿತ್ತು. 1865ರ ಮಾರ್ಚ್ 17ರಂದು, ವಿದೇಶೀಯರಿಗಾಗಿ ಕಟ್ಟಿದ್ದ ಔರಾ ಇಗರ್ಜಿಗೆ ಹದಿನೈದರಷ್ಟು ಹಳ್ಳಿಗರು ಬಂದರು. ಅವರಲ್ಲೊಬ್ಬ ಹೆಂಗಸು ಫ್ರೆಂಚ್ ಪಾದ್ರಿ ಪೆಟಿಜಾನರ ಹತ್ತಿರ ಬಂದು, ನಮ್ಮ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಎಂದು ಮೆಲ್ಲನೆ ಹೇಳಿ, ಮೇರಿ ಮಾತೆಯ ಮೂರ್ತಿ ಎಲ್ಲಿದೆ ಎಂದು ಕೇಳಿದಳು.

ಎರಡೂವರೆ ಶತಮಾನದ ಪ್ರಾರ್ಥನೆಗೆ ಉತ್ತರ ಸಿಕ್ಕಿತು ಎನ್ನುವಷ್ಟರಲ್ಲಿ ಬಂಧನ ಶುರುವಾಯಿತು. ಉರಕಾಮಿಯ ಸುಮಾರು 3,400 ಮಂದಿಯನ್ನು ಹಿಡಿದು ದೇಶದ ಬೇರೆ ಬೇರೆ ಕಡೆಗೆ ಗಡೀಪಾರು ಮಾಡಿದರು. ತ್ಸುವಾನೊದಲ್ಲಿ ಹಿಮಗಟ್ಟಿದ ಕೊಳಕ್ಕೆ ಇಳಿಸಿ ಹಿಂಸಿಸಿದರು. 600ಕ್ಕೂ ಹೆಚ್ಚು ಮಂದಿ ಸತ್ತರು. 1873ರಲ್ಲಿ ನಿಷೇಧ ತೆರವಾಗಿ ಉಳಿದವರು ಊರಿಗೆ ಮರಳಿದರು. ಆ ಗಡೀಪಾರನ್ನು ಅವರು ‘ಪ್ರಯಾಣ’ ಎಂದಷ್ಟೇ ಕರೆಯುತ್ತಿದ್ದರು. ತಮ್ಮಿಂದ ಚಿತ್ರ ತುಳಿಸುತ್ತಿದ್ದ ಊರ ಮುಖ್ಯಸ್ಥನ ಮನೆಯ ಜಾಗವನ್ನೇ ಕೊಂಡು, ದುಡಿದು ಉಳಿಸಿದ ಹಣದಲ್ಲಿ ಇಗರ್ಜಿ ಕಟ್ಟಿದರು. ಅದು ಉದ್ಘಾಟನೆಯಾದದ್ದು 1914ರಲ್ಲಿ, ಗೋಪುರಗಳು ಮುಗಿದದ್ದು 1925ರಲ್ಲಿ. ಬಾಂಬು ಬಿದ್ದದ್ದು ಅದಾಗಿ ಇಪ್ಪತ್ತು ವರ್ಷಕ್ಕೆ.

ಆ ವಿಮಾನದ ಮೊದಲ ಗುರಿ ನಾಗಸಾಕಿ ಆಗಿರಲಿಲ್ಲ, ಕೊಕುರಾ ಆಗಿತ್ತು. ಅಲ್ಲಿ ಗುರಿ ಕಣ್ಣಿಗೆ ಬೀಳದ ಕಾರಣ ವಿಮಾನ ಇತ್ತ ತಿರುಗಿತು. ಕೊಕುರಾದ ತಾಯಂದಿರ ಮೊರೆ ಕೇಳಿಸಿತು, ಉರಕಾಮಿಯವರದು ಕೇಳಿಸಲಿಲ್ಲ ಎನ್ನೋಣವೇ? ಮೂರು ದಿನ ಮೊದಲು ಹಿರೋಷಿಮಾಕ್ಕೆ ಹೊರಟ ವಿಮಾನಿಗಳಿಗಾಗಿ ಟಿನಿಯನ್ ದ್ವೀಪದಲ್ಲಿ ಸೇನೆಯ ಪಾದ್ರಿ ಪ್ರಾರ್ಥಿಸಿದ್ದರು. ನಾಗಸಾಕಿಗೆ ಬಾಂಬು ತಂದ ವಿಮಾನದ ಚಾಲಕ ಚಾರ್ಲ್ಸ್ ಸ್ವೀನಿಯೂ ಕಥೋಲಿಕನೇ. ಆ ತುಕಡಿಯ ಕಥೋಲಿಕ ಪಾದ್ರಿ ಜಾರ್ಜ್ ಝಬೆಲ್ಕಾ ತಾನು ಅಂದು ಬಾಯಿ ಮುಚ್ಚಿಕೊಂಡಿದ್ದಕ್ಕೆ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು.

ಉರಕಾಮಿಯಲ್ಲಿ ಬದುಕುಳಿದವರ ಕಿವಿಗೆ ಬಿದ್ದದ್ದು ಮಾತ್ರ ಬೇರೆಯೇ ಮಾತು. ನಗರದ ಸುವಾ ದೇವಾಲಯಕ್ಕೆ ತಲೆಬಾಗದವರಿಗೆ ದೈವ ಕೊಟ್ಟ ಶಿಕ್ಷೆ ಇದೆಂದು ನೆರೆಹೊರೆಯವರಲ್ಲಿ ಕೆಲವರು ಆಡಿಕೊಂಡರು. ಮುಸ್ಲಿಮರು ಅಯ್ಯೂಬರೆಂದು ಗೌರವಿಸುವ ಪ್ರವಾದಿಯೇ ಬೈಬಲಿನ ಯೋಬ. ಬೈಬಲಿನಲ್ಲಿ ಆತನ ಗೆಳೆಯರೂ ಇಂತಹ ಕಾರಣಗಳನ್ನೇ ಕೊಡುತ್ತಾರೆ. ಕೊನೆಯಲ್ಲಿ ದೇವರು ಸಿಟ್ಟಾಗುವುದು ಗೋಳಾಡಿದ ಯೋಬನ ಮೇಲಲ್ಲ, ಕಾರಣ ಹೇಳಿದ ಆ ಗೆಳೆಯರ ಮೇಲೆ.

ಈ ನಿಂದೆಗೆ ಉತ್ತರ ಕೊಟ್ಟವರು ಡಾ. ತಕಾಶಿ ನಗಾಯಿ, ವೈದ್ಯಕೀಯ ಕಾಲೇಜಿನ ಎಕ್ಸ್‌-ರೇ ತಜ್ಞರು. ರಕ್ತದ ಕ್ಯಾನ್ಸರ್ ಬಾಂಬಿಗೆ ಮೊದಲೇ ಅವರನ್ನು ಹಿಡಿದಿತ್ತು. ಪತ್ನಿ ಮಿದೋರಿಯ ಸುಟ್ಟ ಎಲುಬುಗಳು, ಕರಗಿದ ಜಪಸರದೊಂದಿಗೆ, ಮನೆಯ ಬೂದಿಯಲ್ಲಿ ಸಿಕ್ಕಿದ್ದವು. 1945ರ ನವೆಂಬರ್ 23ರಂದು ಪಾಳು ಇಗರ್ಜಿಯೆದುರು ಸತ್ತವರಿಗಾಗಿ ನಡೆದ ಪೂಜೆಯಲ್ಲಿ ಅವರು ಮಾತಾಡಿದರು: ಯುದ್ಧದ ಪಾಪ ತೊಳೆಯಲು ದೇವರು ಕಳಂಕವಿಲ್ಲದ ಕುರಿಮರಿಯಂತೆ ಉರಕಾಮಿಯನ್ನು ಆರಿಸಿಕೊಂಡ, ಆ ಬಲಿಯಿಂದ ಯುದ್ಧ ನಿಂತಿತು, ಅದಕ್ಕಾಗಿ ಕೃತಜ್ಞರಾಗಿರೋಣ.

ಹೆಂಡತಿಯ ಎಲುಬುಗಳನ್ನು ಕೈಯಾರೆ ಆರಿಸಿಕೊಂಡ ಮನುಷ್ಯನ ಮಾತನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ನಿಮ್ಮವರು ಪಾಪಿಗಳಾಗಿ ಸಾಯಲಿಲ್ಲ ಎಂದು ಆ ದಿನ ಜನಕ್ಕೆ ಯಾರಾದರೂ ಹೇಳಬೇಕಿತ್ತು. ಆದರೆ ಅದೇ ಮಾತು ಮುಂದೆ ಬೇರೆ ಕೆಲಸವನ್ನೂ ಮಾಡಿತು. ಬಾಂಬು ದೇವರ ಸಂಕಲ್ಪವಾದ ಮೇಲೆ ಅದನ್ನು ಹಾಕಿದವರನ್ನು ಕೇಳುವುದೇನು? ಯುದ್ಧ ಹೂಡಿದ ಚಕ್ರವರ್ತಿಯ ಸರ್ಕಾರವನ್ನು ಕೇಳುವುದೇನು? ಹಿರೋಷಿಮಾ ಸಿಡಿದೇಳುತ್ತದೆ, ನಾಗಸಾಕಿ ಪ್ರಾರ್ಥಿಸುತ್ತದೆ ಎಂಬ ನುಡಿಯೇ ಜಪಾನಿನಲ್ಲಿ ಹುಟ್ಟಿಕೊಂಡಿತು. ನಗಾಯಿಯವರ ‘ನಾಗಸಾಕಿಯ ಗಂಟೆಗಳು’ ಪುಸ್ತಕಕ್ಕೆ ಅಮೆರಿಕದ ಆಡಳಿತ ಅನುಮತಿ ಕೊಟ್ಟದ್ದು ಮನಿಲಾದಲ್ಲಿ ಜಪಾನಿ ಸೇನೆ ನಡೆಸಿದ ಕ್ರೌರ್ಯದ ವರದಿಯನ್ನು ಅದಕ್ಕೆ ಸೇರಿಸಬೇಕೆಂಬ ಷರತ್ತಿನ ಮೇಲೆ. ಅದು 1949ರಲ್ಲಿ ಹೊರಬಂತು. ಎರಡು ವರ್ಷದ ಬಳಿಕ ಅವರು ತೀರಿಕೊಂಡರು. ಮುಂದೆ ಅವರ ವಾದವನ್ನು ಕಟುವಾಗಿ ಟೀಕಿಸಿದವರಲ್ಲಿ ನಾಗಸಾಕಿಯ ಕವಿ ಯಮಾದಾ ಕಾನ್ ಕೂಡ ಒಬ್ಬರು.

1981ರ ಫೆಬ್ರವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹಿರೋಷಿಮಾದಲ್ಲಿ ನಿಂತು, ಯುದ್ಧ ಮನುಷ್ಯನ ಕೃತ್ಯ ಎಂದರು. ಮೇಲ್ನೋಟಕ್ಕೆ ಸಾಧಾರಣ ಮಾತು. ಆದರೆ 36 ವರ್ಷ ತುಟಿ ಬಿಚ್ಚದಿದ್ದ ಉರಕಾಮಿಯ ಹಲವು ಕಥೋಲಿಕರು ತಮ್ಮ ಮೈಮೇಲಿನ ಗಾಯಗಳ ಬಗ್ಗೆ ಮಾತಾಡತೊಡಗಿದ್ದು ಅದನ್ನು ಕೇಳಿದ ಮೇಲೆ. 1988ರಲ್ಲಿ ನಾಗಸಾಕಿಯ ಮೇಯರ್ ಹಿತೋಶಿ ಮೊತೊಶಿಮಾ, ಗುಪ್ತ ಕ್ರೈಸ್ತರ ವಂಶದವರು, ಯುದ್ಧದ ಹೊಣೆ ಚಕ್ರವರ್ತಿಗೂ ಇದೆ ಎಂದುಬಿಟ್ಟರು. 1990ರ ಜನವರಿಯಲ್ಲಿ ಅವರಿಗೆ ಗುಂಡು ಹಾರಿಸಲಾಯಿತು. ಬದುಕಿಕೊಂಡರು, ಮಾತು ಹಿಂತೆಗೆದುಕೊಳ್ಳಲಿಲ್ಲ.

ಇಗರ್ಜಿಯ ಎರಡು ಗಂಟೆಗಳಲ್ಲಿ ಒಂದನ್ನು 1945ರಲ್ಲೇ ಅವಶೇಷಗಳಡಿಯಿಂದ ಅಗೆದು ತೆಗೆದಿದ್ದರು. ಇನ್ನೊಂದು ಒಡೆದುಹೋಗಿತ್ತು. ಅದರ ಬದಲಿಗೆ ಅಮೆರಿಕದ ಕಥೋಲಿಕರು ಹಣ ಕೂಡಿಸಿ ಹೊಸದೊಂದನ್ನು ಮಾಡಿಸಿಕೊಟ್ಟರು. 2025ರ ಆಗಸ್ಟ್ 9ರಂದು 11 ಗಂಟೆ 2 ನಿಮಿಷಕ್ಕೆ, 80 ವರ್ಷಗಳ ಬಳಿಕ, ಎರಡೂ ಒಟ್ಟಿಗೆ ಮೊಳಗಿದವು.